ಲಂಗರೂದಿಗೆ ಬರುವ ಮುನ್ನ

ಲಂಗರೂದ್
ಶಹ್ರೀವರ್ 18, 1369

ತಮ್ಮಾ ಯಾಕೂಬ್,

ನಿನ್ನ ಮುಖ ನೋಡಿಲ್ಲ. ಆದರೆ ಎಂಟು ವರ್ಷದಿಂದ ನಿನ್ನ ಅಕ್ಷರ ಓದುತ್ತಾ ಬಂದಿದ್ದೇನೆ, ಹಾಗಾಗಿ ತಮ್ಮಾ ಎನ್ನಲು ಸಂಕೋಚವಿಲ್ಲ. ನಾನು ಇರಜನ ಅಕ್ಕ ತೂಬಾ. ಗುಂಡು ಬಿದ್ದು ಅವನ ಬಲಗೈ ಬೆರಳು ಹೋದ ಮೇಲೆ, ಅವನು ಹೇಳಿದ್ದನ್ನೆಲ್ಲ ಇರಾಕಿನ ಸೆರೆಯಿಂದ ನಮಗೆ ಬರೆದು ಕಳಿಸಿದವನು ನೀನು. ಪ್ರತಿ ಕಾಗದದ ಕೊನೆಗೂ ‘ಬರೆದುಕೊಟ್ಟವನು ಅಬಾದಾನಿನ ಯಾಕೂಬ್’ ಎಂದು ಇರುತ್ತಿತ್ತು. ಅಮ್ಮ ಹೇಳಿದ್ದನ್ನು ನಿಮಗೆ ಬರೆದು ಕಳಿಸುತ್ತಿದ್ದವಳು ನಾನು.

ಕೈದಿಗಳನ್ನು ಬಿಡುತ್ತಿದ್ದಾರೆ ಎಂದು ರೇಡಿಯೋದಲ್ಲಿ ಬಂದು ಮೂರು ವಾರ ಕಳೆಯಿತು. ದಿನವೂ ಹೆಸರು ಓದುತ್ತಾರೆ. ನಮ್ಮ ಪಕ್ಕದ ರೂದ್‌ಸರಿಗೆ ಮೂವರು ಬಂದರು. ಅವರಲ್ಲಿ ಒಬ್ಬನ ಮನೆಗೆ ಅಪ್ಪ ಹೋಗಿ ಕೇಳಿಕೊಂಡು ಬಂದರು. ಇರಜನ ವಿಷಯ ಅವನಿಗೆ ತಿಳಿಯದು, ಬೇರೆ ಕೊಠಡಿಯಲ್ಲಿದ್ದನಂತೆ. ನೀನು ಬಿಡುಗಡೆಯಾಗಿ ಶಿರಾಜಿನಲ್ಲಿ ಚಿಕ್ಕಪ್ಪನ ಮಗನ ರೊಟ್ಟಿ ಅಂಗಡಿಯಲ್ಲಿದ್ದೀಯ ಎಂದು ಅವನೇ ವಿಳಾಸ ಕೊಟ್ಟ.

ಇರಜ್ ಯಾವ ಬಸ್ಸಿನಲ್ಲಿದ್ದಾನೆ? ನಿನಗಿಂತ ಹಿಂದೆ ಉಳಿದನೇ? ಅಪ್ಪ ದಿನಾ ಬೆಳಿಗ್ಗೆ ಇಟ್ಟಿಗೆ ಸೇತುವೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಅವನು ಬಂದ ದಿನ ಕೊಯ್ಯಲು ಟಗರೊಂದನ್ನು ತಂದು ಅಂಗಳದಲ್ಲಿ ಕಟ್ಟಿದ್ದಾರೆ. ಅದು ನನ್ನ ಹೂವಿನ ಗಿಡವನ್ನೆಲ್ಲ ತಿಂದು ಮುಗಿಸಿತು. ಬೈದರೆ ಅಪ್ಪ, “ತಿನ್ಲಿ ಬಿಡೇ, ಇನ್ನೆಷ್ಟು ದಿನ” ಎನ್ನುತ್ತಾರೆ.

ಅಮ್ಮ ನಿನಗೆ ಸಲಾಂ ಹೇಳಿದ್ದಾಳೆ. ನೀನು ಒಮ್ಮೆ ನಮ್ಮ ಊರಿಗೆ ಬರಬೇಕು.

ನಿನ್ನ ಅಕ್ಕ,
ತೂಬಾ


ಶಿರಾಜ್
ಶಹ್ರೀವರ್ 29

ತೂಬಾ ಅಕ್ಕನಿಗೆ ಸಲಾಂ.

ನಿಮ್ಮ ಕಾಗದ ಬಂತು. ನಾನು ಬರುತ್ತೇನೆ. ನೀವು ಕರೆಯದಿದ್ದರೂ ಬರುವವನೇ ಇದ್ದೆ. ಕಾಲಿಗೆ ಏಟಾಗಿದೆ, ಇಲ್ಲಿನ ವೈದ್ಯರು ಮೆಹ್ರ್ ತಿಂಗಳ ಕೊನೆಯವರೆಗೆ ದೂರ ಪ್ರಯಾಣ ಬೇಡ ಎಂದಿದ್ದಾರೆ. ಅದು ಮುಗಿದ ಕೂಡಲೇ ಹೊರಡುತ್ತೇನೆ.

ಇರಜನ ವಿಷಯ ಎದುರು ಕೂತೇ ಹೇಳಬೇಕು. ಕಾಗದದಲ್ಲಿ ಆಗುವುದಿಲ್ಲ. ಅಲ್ಲಿಯವರೆಗೆ ಅಪ್ಪನನ್ನು ಸೇತುವೆ ಹತ್ತಿರ ನಿಲ್ಲಲು ಬಿಡಬೇಡಿ, ಚಳಿ ಶುರುವಾಗುತ್ತದೆ. ಹೇಗೆ ಬರಬೇಕು, ಯಾರ ಮನೆ ಎಂದು ಕೇಳಬೇಕು, ದಯವಿಟ್ಟು ತಿಳಿಸಿ. ಉತ್ತರದ ಸಮುದ್ರದ ಕಡೆಗೆ ನಾನು ಹೋದವನೇ ಅಲ್ಲ.

ಅಮ್ಮನಿಗೆ ನನ್ನ ಸಲಾಂ ಹೇಳಿ. ಅವರ ಮುಂದೆ ಹೇಗೆ ನಿಲ್ಲಲಿ ಎಂಬುದೊಂದೇ ನನ್ನ ಚಿಂತೆ.

ಯಾಕೂಬ್ ಬಹ್ಮನ್‌ಶೀರಿ


ಲಂಗರೂದ್
ಮೆಹ್ರ್ 8

ತಮ್ಮಾ ಯಾಕೂಬ್,

ನಿನ್ನ ಕಾಗದವನ್ನು ಅಪ್ಪ ನನ್ನ ಕೈಲಿ ನಾಲ್ಕು ಸಲ ಓದಿಸಿದರು. ಅವರಿಗೆ ಓದು ಬರುವುದಿಲ್ಲವಲ್ಲ. ‘ಎದುರು ಕೂತೇ ಹೇಳಬೇಕು’ ಎಂಬ ಮಾತು ಬಂದಾಗ ತೊಡೆ ತಟ್ಟಿಕೊಂಡು ನಕ್ಕುಬಿಟ್ಟರು. “ನಂಗೊತ್ತು ಇವರ ಆಟ. ಇಬ್ರೂ ಒಟ್ಟಿಗೆ ಬರ್ತಾರೆ ನೋಡ್ತಿರು. ಅವನು ಶಿರಾಜಲ್ಲೇ ಇದಾನೆ, ಇವನ ಹತ್ರ ಕಾಗದ ಬರೆಸಿ ನಮ್ಮನ್ನ ಆಡಿಸ್ತಿದಾನೆ” ಅಂದರು. ಮಾರನೆಯ ದಿನವೇ ನೀಲಿ ಬಣ್ಣ ತಂದು ಬಾಗಿಲಿಗೆ ಬಳಿಯಲು ಕೂತರು. ಬೇಸಿಗೆಯ ಭೂಕಂಪದಲ್ಲಿ ಜಾರಿದ ಹೆಂಚನ್ನು ಇಷ್ಟು ದಿನ ಮುಟ್ಟದವರು ಈಗ ಏಣಿ ಹತ್ತಿದ್ದಾರೆ.

ದಾರಿ ಬರೆಯುತ್ತೇನೆ. ಟೆಹ್ರಾನಿನವರೆಗೆ ನಿನಗೆ ಗೊತ್ತು. ಅಲ್ಲಿಂದ ಮಂಜೀಲ್ ಕಡೆಯ ಬಸ್ಸು ಹತ್ತಬೇಡ. ಭೂಕಂಪದಲ್ಲಿ ಸಡಿಲಾದ ಗುಡ್ಡ ಇನ್ನೂ ಕುಸಿಯುತ್ತಿದೆ, ದಾರಿಯುದ್ದ ಜನ ಡೇರೆಗಳಲ್ಲಿದ್ದಾರೆ, ನೋಡಲಾಗುವುದಿಲ್ಲ. ಚಾಲೂಸ್ ಬಸ್ಸು ಹತ್ತು. ಗುಡ್ಡ ಇಳಿದ ಮೇಲೆ ಬಲಗಡೆ ಸಮುದ್ರ. ರಾಮ್‌ಸರ್ ದಾಟಿ, ರೂದ್‌ಸರ್ ದಾಟಿದರೆ ಲಂಗರೂದ್. ಶನಿವಾರ, ಬುಧವಾರ ಸಂತೆ, ಆ ದಿನ ಬಂದರೆ ಕೋಳಿ ಬುಟ್ಟಿಗಳ ನಡುವೆ ದಾರಿ ಸಿಗದು. ಸೇತುವೆ ಇಳಿದು ಹೊಳೆಯ ಪಕ್ಕ ‘ಅಕ್ಕಿ ಗಿರಣಿಯ ಮಶ್ದೀ ಇಸ್ಮಾಯಿಲ್ ಮನೆ’ ಎಂದು ಅಪ್ಪನ ಹೆಸರು ಹೇಳಿದರೆ ಯಾರಾದರೂ ತೋರಿಸುತ್ತಾರೆ. ಹೊದಿಕೆ ತರಬೇಡ, ಇಲ್ಲಿದೆ. ಹೊಗೆಯಲ್ಲಿಟ್ಟ ಮೀನು ನಿನಗೆ ಸೇರುತ್ತದೆಯೇ? ಬೆಳ್ಳುಳ್ಳಿ ವಾಸನೆಗೆ ಹೆದರುವವನಾದರೆ ಮೊದಲೇ ಹೇಳಿಬಿಡು, ನಮ್ಮಲ್ಲಿ ಅದಿಲ್ಲದೆ ಒಲೆ ಹಚ್ಚುವುದಿಲ್ಲ.

ದಾರಿಯ ವಿಷಯವೆಲ್ಲ ಅಪ್ಪ ಬರೆಸಿದ್ದು. ಇನ್ನು ನನ್ನ ಮಾತು. ಯಾಕೂಬ್, ನನಗೆ ಹೆದರಿಕೆಯಾಗುತ್ತಿದೆ. ಅವನಿಗೆ ಕಾಯಿಲೆಯೇ? ಕೈಯ ಜೊತೆ ಇನ್ನೇನಾದರೂ ಹೋಗಿದೆಯೇ? ಬುದ್ಧಿ ಕಲಕಿ ಬಂದವರೂ ಇದ್ದಾರೆ ಎಂದು ಕೇಳಿದ್ದೇನೆ. ಹೇಗಿದ್ದರೂ ನಾನು ನೋಡಿಕೊಳ್ಳುತ್ತೇನೆ. ನೀನು ಬರುವ ತನಕ ಕಾಯಲು ನನ್ನಿಂದಾಗದು. ಒಂದೇ ಒಂದು ಸಾಲು ಬರೆ, ಚಹಾ ಕಾರ್ಖಾನೆಯ ವಿಳಾಸಕ್ಕೆ ಕಳಿಸು. ನಾನು ಅಲ್ಲಿ ಎಲೆ ಆರಿಸುತ್ತೇನೆ.

ತೂಬಾ


ಶಿರಾಜ್
ಮೆಹ್ರ್ 17

ತೂಬಾ ಅಕ್ಕ,

ಒಬ್ಬರೇ ಕೂತು ಓದಿ.

ಇರಜ್ ಬರುವುದಿಲ್ಲ. ಅವನು 1367ರ ಬಹ್ಮನ್ ತಿಂಗಳ ಹದಿನೆಂಟರಂದು ತೀರಿಕೊಂಡ. ಇವತ್ತಿಗೆ ಒಂದು ವರ್ಷ ಎಂಟು ತಿಂಗಳಾಯಿತು.

ಯುದ್ಧ ನಿಂತ ಮೇಲಿನ ಚಳಿಗಾಲ ಅದು. ರಕ್ತಭೇದಿ ಬಂದು ನಮ್ಮ ಕೊಠಡಿಯಲ್ಲಿ ಹನ್ನೊಂದು ಜನ ಮಲಗಿದರು, ಹತ್ತು ಜನ ಎದ್ದರು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಮಧ್ಯಾಹ್ನದ ಎಣಿಕೆಗೆ ಕರೆಯುವ ಹೊತ್ತು. “ಯಾಕೂಬ್, ನೀನು ಹೋಗು, ಹೊಡೀತಾರೆ” ಅಂದ. ನಾನು ಹೋಗಲಿಲ್ಲ. ಅವನು ಮತ್ತೆ ಮಾತಾಡಲಿಲ್ಲ. ಕಾವಲಿನವರು ಕಂಬಳಿಯಲ್ಲಿ ಸುತ್ತಿ ಲಾರಿಗೆ ಹಾಕಿಕೊಂಡು ಹೋದರು. ಎಲ್ಲಿಗೆ ಎಂದು ಕೇಳಿದವನನ್ನು ಮೂರು ದಿನ ಬೇರೆ ಕೋಣೆಗೆ ಹಾಕಿದರು. ಅವನ ಹೆಸರನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಆಮೇಲಿನದು ನನ್ನ ತಪ್ಪು. ಎರಡು ತಿಂಗಳಿಗೊಮ್ಮೆ ರೆಡ್ ಕ್ರಾಸ್ ಕಾಗದ ಹಂಚುತ್ತಿದ್ದರು. ನನ್ನ ತಾಯಿ, ತಮ್ಮಂದಿರು ಎಲ್ಲರೂ ಯುದ್ಧದ ಮೊದಲ ವರ್ಷವೇ ಅಬಾದಾನಿನ ಮನೆಯ ಮೇಲೆ ಬಿದ್ದ ಷೆಲ್ಲಿಗೆ ಹೋದರು. ಅಪ್ಪ ಆಮೇಲೆ ಕೊರಗಿ ಹೋದರಂತೆ. ಕಾಗದ ಹಂಚುವ ದಿನ ನನ್ನ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಅವನು ಹೋದ ಎರಡು ತಿಂಗಳಿಗೆ, ಹೊಸ ವರ್ಷದ ಫರ್ವರ್ದೀನಿನಲ್ಲಿ, ಇರಜನ ಹೆಸರು ಕೂಗಿದರು. ಹಿಂದೆಲ್ಲ ಅವನ ಬದಲು ನಾನೇ ಎದ್ದು ಹೋಗಿ ತರುತ್ತಿದ್ದೆ. ಅವತ್ತೂ ಎದ್ದೆ. ಕಾಗದ ಅಮ್ಮನದು. ‘ಕಂದ, ಕಿತ್ತಳೆ ಈ ಸಲ ಚೆನ್ನಾಗಿ ಬಿಟ್ಟಿದೆ’ ಎಂದು ಶುರುವಾಗಿತ್ತು. ಅದೇ ಹಾಳೆಯ ಕೆಳಗೆ ನಾವು ಉತ್ತರ ಬರೆಯುವ ಜಾಗ ಖಾಲಿ ಇತ್ತು. ಕೊಠಡಿಯ ಹಿರಿಯರನ್ನು ಕೇಳಿದೆ. “ಹೆತ್ತವಳಿಗೆ ಇದನ್ನ ಕಾಗದದಲ್ಲಿ ತಿಳಿಸ್ತೀಯ? ಬಿಡುಗಡೆ ಹತ್ರ ಇದೆ. ಹೋಗಿ ಬಾಯಲ್ಲೇ ಹೇಳು. ಅಲ್ಲೀವರೆಗೆ ಏನಾದ್ರೂ ಬರಿ” ಅಂದರು.

ಮೊದಲ ಕಾಗದವನ್ನು ಅವರ ಮಾತಿಗೆ ಬರೆದೆ. ಉಳಿದ ನಾಲ್ಕನ್ನು ಯಾರ ಮಾತಿಗೂ ಬರೆಯಲಿಲ್ಲ. ಉತ್ತರ ಬೇಕು ಎಂದು ಬರೆದೆ. ಅಮ್ಮ ‘ಕಂದ’ ಎಂದು ಬರೆದದ್ದನ್ನು ಓದಲು ಬರೆದೆ. ಒಟ್ಟು ಐದು.

ಗಡಿ ದಾಟಿದ ದಿನವೇ ನಮ್ಮ ಅಧಿಕಾರಿಗಳ ಹತ್ತಿರ ಅವನ ಹೆಸರು, ತಾರೀಖು ಎಲ್ಲ ಬರೆಸಿದ್ದೇನೆ. ಸರ್ಕಾರದ ಕಾಗದ ಇವತ್ತಲ್ಲ ನಾಳೆ ನಿಮ್ಮ ಮನೆಗೆ ಬರುತ್ತದೆ. ಅದಕ್ಕೆ ಮೊದಲು ನಾನು ಬರಬೇಕು. ಅಮ್ಮನ ಕಾಲ ಬಳಿ ಕೂತು ನಾನೇ ಹೇಳಬೇಕು. ಆಮೇಲೆ ಏನು ಬೇಕಾದರೂ ಮಾಡಿ.

ಯಾಕೂಬ್


ಲಂಗರೂದ್
ಆಬಾನ್ 20

ಬಹ್ಮನ್‌ಶೀರಿ ಅವರಿಗೆ,

ನಿಮ್ಮ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಎಲೆ ಆರಿಸುವ ಮೇಜಿನ ಮುಂದೆ ನಿಂತು ಓದಿದೆ. ಓದಿ ಮಡಚಿ ಜೇಬಿಗೆ ಹಾಕಿಕೊಂಡು ಸಂಜೆಯವರೆಗೆ ಎಲೆ ಆರಿಸಿದೆ. ಪಕ್ಕದವಳು ಏನೋ ಕೇಳಿದಳು, ಸರಿಯಾಗಿಯೇ ಉತ್ತರ ಹೇಳಿದೆನಂತೆ. ನನಗೆ ನೆನಪಿಲ್ಲ. ಮನೆಗೆ ಬಂದು ಅಕ್ಕಿ ತೊಳೆಯುವಾಗ ಕೈ ನಿಂತುಹೋಯಿತು. ನೀರಿನೊಳಗೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅಪ್ಪ ಬಂದು, “ಏನೇ, ಅಕ್ಕಿ ಎಣಿಸ್ತಿದೀಯಾ?” ಎಂದು ತಮಾಷೆ ಮಾಡಿದರು.

ಬಹ್ಮನ್ ಹದಿನೆಂಟರ ನಂತರ ನಮ್ಮ ಮನೆಯಲ್ಲಿ ಹೊಸ ವರ್ಷದ ಹಬ್ಬ, ನೌರೋಜ್, ಎರಡು ಸಲ ನಡೆಯಿತು. ಹೊಸ ಬಟ್ಟೆ ತೊಟ್ಟೆವು. ಮೀನು ಹುರಿದೆವು. ಪಕ್ಕದ ಮನೆಯ ಮದುವೆಯಲ್ಲಿ ನಾನು ಕುಣಿದೆ. ನಮ್ಮ ಹುಡುಗನ ಹೆಸರಲ್ಲಿ ಯಾರ ಕೈಗೂ ಒಂದು ಖರ್ಜೂರ ಇಡಲಿಲ್ಲ. ಏಳನೆಯ ದಿನವಿಲ್ಲ, ನಲವತ್ತನೆಯ ದಿನವಿಲ್ಲ, ವರ್ಷದ್ದೂ ಇಲ್ಲ. ಅವನ ಸಾವನ್ನು ನೀವು ನಿಮ್ಮ ಜೇಬಿನಲ್ಲಿಟ್ಟುಕೊಂಡು ಓಡಾಡಿದಿರಿ.

ಅಮ್ಮನ ಕಾಲ ಬಳಿ ಕೂರಬೇಕು ಎಂದು ಬರೆದಿದ್ದೀರಿ. ಅಮ್ಮ ಇಲ್ಲ. ಅವಳು 67ರ ಫರ್ವರ್ದೀನಿನಲ್ಲೇ, ಇರಜನಿಗಿಂತ ಹತ್ತು ತಿಂಗಳು ಮೊದಲು, ನೌರೋಜ್ ಕಳೆದ ಹನ್ನೆರಡನೆಯ ದಿನ, ಅಂಗಳದಲ್ಲಿ ಬಟ್ಟೆ ಹರವುತ್ತಾ ಕುಸಿದು ಹೋದಳು. ಇರಜ್ ಆಗ ಬದುಕಿದ್ದ. ಸೆರೆಯಲ್ಲಿರುವವನಿಗೆ ಈ ಸುದ್ದಿ ಯಾಕೆ ಎಂದು ಅಪ್ಪ ಅಂದರು. ಮೊದಲೂ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅವಳು ಹೋದ ಮೇಲೆ ನಾನೇ ಹೇಳಿಕೊಂಡು ನಾನೇ ಬರೆದೆ. ನಿಮ್ಮನ್ನು ‘ಕಂದ’ ಎಂದು ಕರೆದವಳು ನಾನು. ಸತ್ತ ತಮ್ಮನಿಗೆ ಸತ್ತ ತಾಯಿಯ ಹೆಸರಲ್ಲಿ ಬರೆದೆ. ಯಾರೋ ಓದಿದರು.

ಹಾಗೆಂದು ನಾವಿಬ್ಬರೂ ಸಮ ಎಂದುಕೊಳ್ಳಬೇಡಿ. ನಾನು ನನ್ನ ತಮ್ಮನಿಗೆ ಸುಳ್ಳು ಹೇಳಿದೆ. ನೀವು ಯಾರು?

ಅಪ್ಪನಿಗೆ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ನೀವು ಬರಬೇಡಿ.

ತೂಬಾ


ಶಿರಾಜ್
ಆಜರ್ 4

ತೂಬಾ ಅಕ್ಕ,

ಬರಬೇಡಿ ಅಂದಿರಿ, ಬರುವುದಿಲ್ಲ. ಇದೊಂದು ಕಾಗದ ಬರೆಯಲು ಬಿಡಿ.

ನಿಮ್ಮ ಕಾಗದ ಓದುವಾಗ ಅಂಗಡಿಯ ತಂದೂರಿನ ಮುಂದೆ ಇದ್ದೆ. ರೊಟ್ಟಿಗಳು ಸುಟ್ಟು ಹೋದವು. ಚಿಕ್ಕಪ್ಪನ ಮಗ ಭುಜ ಹಿಡಿದು ಅಲ್ಲಾಡಿಸಿದ. “ಯಾರು ಹೋದ್ರೋ?” ಎಂದು ಕೇಳಿದ. “ಅಮ್ಮ” ಅಂದೆ. “ನಿಮ್ಮಮ್ಮ ಹೋಗಿ ಹತ್ತು ವರ್ಷ ಆಯ್ತಲ್ಲೋ” ಅಂದ. ಅವನಿಗೆ ಏನು ಹೇಳಲಿ. ಹೀಗೆ ಹೇಳುವ ಹಕ್ಕು ನನಗಿಲ್ಲ ಎಂದು ಗೊತ್ತಿದೆ.

ನಿಮಗೆ ಒಂದು ವಿಷಯ ತಿಳಿಸಬೇಕು. ಹೇಳದೆ ಇಟ್ಟುಕೊಂಡರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಅಮ್ಮನ ಕಾಗದಗಳಲ್ಲಿ ಮೊದಲೆಲ್ಲ ಬೈಗುಳ ಇರುತ್ತಿತ್ತು. ‘ಕತ್ತೆ, ಕಾಲು ತೊಳ್ಕೊಂಡು ಮಲಗ್ತೀಯೋ ಇಲ್ವೋ’, ‘ಅಲ್ಲೂ ಹಲ್ಲು ಉಜ್ಜದೆ ಕೂತಿದೀಯೇನೋ’. ಇರಜ್ ಅವನ್ನು ಗಟ್ಟಿಯಾಗಿ ಓದುತ್ತಿದ್ದ, ಇಡೀ ಕೊಠಡಿ ನಗುತ್ತಿತ್ತು. 67ರ ಬೇಸಿಗೆಯ ಕಾಗದ ಬಂದಾಗ ಅವನು ಗಟ್ಟಿಯಾಗಿ ಓದಲಿಲ್ಲ. ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ನನಗೆ ಕೊಟ್ಟು, “ಅಮ್ಮ ಬೈದಿಲ್ಲ ಕಣೋ” ಅಂದ.

“ಒಳ್ಳೇದೇ ಆಯ್ತಲ್ಲ” ಅಂದೆ.

“ಬೈಯೋ ಶಕ್ತಿ ಇಲ್ಲ ಅಂದ್ರೆ ಮೈ ಸರಿ ಇಲ್ಲ ಅಂತ. ಕೇಳಿ ಬರಿ.”

ಬರೆದೆ. ಚಳಿಗಾಲದಲ್ಲಿ ‘ನಾನು ಚೆನ್ನಾಗಿದ್ದೇನೆ ಕಂದ, ನೀನು ಹುಷಾರು’ ಎಂದು ಉತ್ತರ ಬಂತು. ಅದನ್ನು ಓದಿದ ಮೇಲೆ ಅವನು ಮತ್ತೆ ಅಮ್ಮನ ಮಾತೆತ್ತಲಿಲ್ಲ. ಉತ್ತರ ಬರೆಸುವಾಗ, ‘ಅಕ್ಕನಿಗೆ ಹೇಳು, ಒಬ್ಬಳೇ ಎಲ್ಲಾ ಕೆಲಸ ಮಾಡಿ ಸುಸ್ತಾಗೋದು ಬೇಡ’ ಎಂದು ಸೇರಿಸಿದ. ಆ ಸಾಲು ನಿಮಗೆ ನೆನಪಿರಬಹುದು. ಅವನು ಹೇಳಿ ಬರೆಸಿದ ಕಡೆಯ ಕಾಗದ ಅದು. ಅವನಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ.

ಯಾಕೂಬ್


ಲಂಗರೂದ್
ಆಜರ್ 16

ಯಾಕೂಬ್,

ಆ ಸಾಲು ನನಗೆ ನೆನಪಿದೆ. ಅವತ್ತು ಓದಿ, ಇವನಿಗೇನು ಬಂತು, ಅಮ್ಮನನ್ನು ಬಿಟ್ಟು ನನ್ನ ಸುಸ್ತಿನ ಮಾತಾಡುತ್ತಿದ್ದಾನೆ ಎಂದು ನಕ್ಕಿದ್ದೆ. ಮೊನ್ನೆಯಿಂದ ಆ ಕಾಗದವನ್ನೇ ತೆಗೆದು ತೆಗೆದು ಓದುತ್ತಿದ್ದೇನೆ.

ಸರ್ಕಾರದ ಕಾಗದ ಬಂತು. ಅಂಚೆಯವನು ಅಪ್ಪನ ಕೈಗೇ ಕೊಟ್ಟ. ಮೊಹರು ನೋಡಿದ ಅಪ್ಪ ಅಲ್ಲಿಂದ ಕಾರ್ಖಾನೆವರೆಗೆ ಓಡಿ ಬಂದಿದ್ದಾರೆ, ಎಪ್ಪತ್ತೊಂದು ವರ್ಷದವರು, ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. “ಓದು, ಓದು, ಯಾವ ದಿನ ಅಂತ ಹಾಕಿದಾರೆ?” ಎಲ್ಲ ಹೆಂಗಸರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕಾಗದ ಬಿಚ್ಚಿದೆ. ಅದರಲ್ಲಿದ್ದದ್ದು ಮೂರೇ ಸಾಲು. ನಾನು ಓದಿದ್ದು ಬೇರೆ. “ಇನ್ನೂ ಕೆಲವರ ಹೆಸರು ಪಟ್ಟಿಗೆ ಸೇರಿಲ್ಲ, ಸ್ವಲ್ಪ ತಡ ಆಗುತ್ತೆ ಅಂತಿದೆ ಅಪ್ಪ” ಅಂದೆ. ಸುಲಭವಾಗಿ ಬಂತು ಬಾಯಿಗೆ. ಅಪ್ಪ ತಲೆ ಅಲ್ಲಾಡಿಸಿ, ಕಾಗದವನ್ನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡರು. ಈಗ ಸಿಕ್ಕಿದವರಿಗೆಲ್ಲ ತೋರಿಸುತ್ತಿದ್ದಾರೆ. ಓದು ಬಲ್ಲವನೊಬ್ಬ ಇವತ್ತಲ್ಲ ನಾಳೆ ಬೀದಿಯಲ್ಲಿ ನಿಲ್ಲಿಸಿ ಓದಿ ಹೇಳುತ್ತಾನೆ.

ನನ್ನಿಂದ ಆಗುತ್ತಿಲ್ಲ. ನೀನು ಬಾ. ಕಾಲು ಹೇಗಿದ್ದರೂ ಬಾ. ಚಾಲೂಸ್ ದಾರಿಗೆ ಹಿಮ ಬಿದ್ದಿದೆ, ಮಂಜೀಲ್ ಬಸ್ಸನ್ನೇ ಹತ್ತು, ರಷ್ತಿನಲ್ಲಿ ಇಳಿದು ವ್ಯಾನ್ ಹಿಡಿ. ಸಂತೆಯ ದಿನವಾದರೂ ಪರವಾಗಿಲ್ಲ.

ತೂಬಾ


ಶಿರಾಜ್
ದೇಯ್ 12

ತೂಬಾ ಅಕ್ಕ,

ನಿಮ್ಮ ಊರಿಂದ ಹೊರಟು ನಿನ್ನೆ ಇಲ್ಲಿಗೆ ತಲುಪಿದೆ. ನೀವು ಕಟ್ಟಿಕೊಟ್ಟ ಅನ್ನ, ಮೀನು ಟೆಹ್ರಾನಿನವರೆಗೂ ಬಂತು.

ನಾನು ಹೇಳಿದ ಕೂಡಲೇ ಅಪ್ಪ ನಿಮ್ಮನ್ನು ಹೊರಗೆ ಕಳಿಸಿದರಲ್ಲ. ಒಳಗೆ ಏನಾಯಿತು ಎಂದು ಆ ಮೂರು ದಿನವೂ ನೀವು ಕೇಳಲಿಲ್ಲ, ಮನೆ ತುಂಬ ಜನ. ನಿಮಗೆ ತಿಳಿದಿರಬೇಕು.

ಬಾಗಿಲಲ್ಲಿ ನನ್ನನ್ನು ನೋಡಿದಾಗ ಅವರು ನನ್ನ ಮುಖ ನೋಡಲಿಲ್ಲ. ನನ್ನ ಭುಜದ ಮೇಲಿಂದ ಓಣಿಯ ತುದಿ ನೋಡಿದರು. ಅದನ್ನು ನೀವೂ ಕಂಡಿರಿ. ನೀವು ಹೊರಗೆ ಹೋದ ಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, “ಯಾವತ್ತು?” ಅಂದರು. ಹೇಳಿದೆ. “ಆವತ್ತು ನಾನೇನು ಮಾಡ್ತಿದ್ದೆ?” ಎಂದು ನನ್ನನ್ನೇ ಕೇಳಿದರು. “ಬಹ್ಮನ್ ಅಂದ್ರೆ ಗಿರಣಿಗೆ ರಜ. ಮನೇಲೇ ಇದ್ದೆ. ಏನು ತಿಂದೆ ಆವತ್ತು?” ತುಂಬ ಹೊತ್ತು ಅದನ್ನೇ ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ.

“ತೂಬಾಗೆ ಗೊತ್ತಾ?”

“ಎರಡು ತಿಂಗಳಿಂದ.”

“ಹಂಗಾದ್ರೆ ಈ ಕಾಗದ...” ಎಂದು ಎದೆಯ ಜೇಬು ಮುಟ್ಟಿಕೊಂಡರು. ನಾನು ಹೌದೆಂದೆ. ಅದನ್ನು ತೆಗೆದು ತಲೆಕೆಳಗಾಗಿ ಹಿಡಿದು ನೋಡಿದರು. ಊರಿಗೆಲ್ಲ ತೋರಿಸಿದ್ದನ್ನು ನೆನೆದರೋ ಏನೋ, ಕಿವಿ ಕೆಂಪಾಯಿತು. “ಅವಳನ್ನ ಏನೂ ಅನ್ನಬಾರದು. ನಾನೂ ಅವಳೂ ಸೇರಿ ಅವನಿಗೂ ಹಿಂಗೇ ಮಾಡಿದ್ವಿ” ಅಂದರು.

ಆಮೇಲೆ, ಅವನನ್ನು ತೊಳೆದವರು ಯಾರು ಎಂದು ಕೇಳಿದರು. ನಾನು ಎಂದೆ. ನಮಗೆ ದಿನಕ್ಕೆ ಮೂರು ಲೋಟ ಕುಡಿಯುವ ನೀರು. ಕಾವಲಿನವರು ಬರುವ ಮೊದಲು ಕೊಠಡಿಯ ಅರವತ್ತು ಜನ ತಲಾ ಒಂದೊಂದು ಲೋಟ ಕೊಟ್ಟರು. ಮುಖ, ಕೈ, ಕಾಲು, ಬೆನ್ನು, ಎಲ್ಲಾ ತೊಳೆದೆ. ಹೇಳುವಾಗ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. ಹಿಡಿಯಲಿಲ್ಲ.

ಮಸೀದಿಯಲ್ಲಿ ಅವರ ಪಕ್ಕದಲ್ಲೇ ನನ್ನನ್ನು ಕೂರಿಸಿದ್ದರು, ನೀವು ಹೆಂಗಸರ ಕಡೆ ಇದ್ದಿರಿ. ಯಾರೋ ಬಗ್ಗಿ, “ಇವರು ಯಾರು ಮಶ್ದೀ?” ಅಂದರು. “ನನ್ನ ಮಗನ್ನ ತೊಳೆದವನು” ಅಂದರು. ಅಷ್ಟೇ.

ಹೊರಡುವ ದಿನ ಬೆಳಿಗ್ಗೆ ಇರಜನ ಕಾಗದಗಳನ್ನಿಟ್ಟ ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. “ನಿನ್ನವು ಯಾವುವೋ ತೆಗೆದುಕೊ. ಅವು ಈ ಮನೇಲಿ ಬೇಡ” ಅಂದರು. ಐದನ್ನು ಆರಿಸಿ ಪಕ್ಕಕ್ಕಿಟ್ಟೆ. ಅವರೇ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ಇಲ್ಲಿ ಬಿಚ್ಚಿ ನೋಡಿದರೆ ನಾಲ್ಕೇ ಇವೆ. ಒಂದಿಲ್ಲ. ‘ಅಪ್ಪಾ, ನಿನಗೆ ಹೇಳದೆ ಮನೆ ಬಿಟ್ಟು ಯುದ್ಧಕ್ಕೆ ಹೋದೆ, ಆವತ್ತಿನಿಂದ ಒಂದು ದಿನವೂ ನೆಮ್ಮದಿ ಇಲ್ಲ, ಕ್ಷಮಿಸು’ ಎಂದು ಇರುವ ಕಾಗದ. ಇರಜ್ ಹಾಗೆ ಹೇಳದೆ ಹೋದವನಲ್ಲ ಎಂದು ನಿಮ್ಮ ಮನೆಗೆ ಬಂದ ಮೇಲೆ ತಿಳಿಯಿತು, ಅಪ್ಪನೇ ಬಸ್ಸು ಹತ್ತಿಸಿದ್ದರಂತೆ. ಹಾಗೆ ಓಡಿಹೋದವನು ನಾನು. ಅಬಾದಾನಿನಲ್ಲಿ ನನ್ನ ಅಪ್ಪ ಮಲಗಿದ್ದಾಗ ಗೋಡೆ ಹಾರಿ ಹೋದೆ. ಆ ಕಾಗದ ಬರೆಯುವಾಗ ಇರಜನ ನೆನಪೇ ನನಗಿರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಬೀಳಿಸಿದೆನೇ ಎಂದು ಹೆದರಿಕೆಯಾಗಿದೆ. ಬೇರೆ ಯಾರ ಕೈಗೂ ಸಿಗಬಾರದು. ಅಲ್ಲೇನಾದರೂ ಉಳಿದಿದ್ದರೆ ಸುಟ್ಟುಬಿಡಿ.

ಯಾಕೂಬ್


ಲಂಗರೂದ್
ಬಹ್ಮನ್ 2

ಯಾಕೂಬ್,

ನಲವತ್ತನೆಯ ದಿನದ ಕೆಲಸ ಅಪ್ಪ ಈಗಿನಿಂದಲೇ ಹಚ್ಚಿಕೊಂಡಿದ್ದಾರೆ. ಬೇಸಾಯ ಮಾಡುವ ಬಂಧುಗಳು ಅಕ್ಕಿ ತಂದಿಳಿಸುತ್ತಿದ್ದಾರೆ. ನಾನು ಕಪ್ಪು ಬಟ್ಟೆ ತೊಟ್ಟಿದ್ದೇನೆ. ಅಮ್ಮನಿಗೆ ಒಂದು, ಇರಜನಿಗೆ ಒಂದು ಎಂದು ಎರಡು ಪಟ ಗೋಡೆಗೆ ಹಾಕಿದೆ. ಇಷ್ಟು ದಿನ ಅಮ್ಮನ ಪಟವನ್ನೂ ಹಾಕಿರಲಿಲ್ಲ, ಅವನು ಬಂದ ದಿನ ಬಾಗಿಲಲ್ಲೇ ಕಂಡುಬಿಟ್ಟರೆ ಎಂದು.

ನಿನ್ನ ಕಾಗದ ದಾರಿಯಲ್ಲಿ ಬಿದ್ದಿಲ್ಲ. ನೀನು ಬರೆದದ್ದನ್ನು ಓದಿದ ಮೇಲೆ ಡಬ್ಬಿ ತೆಗೆದು ನೋಡಿದೆ. ಇರಜನ ಕಾಗದಗಳ ಮಧ್ಯೆ ಇತ್ತು. ನೀನು ಆರಿಸಿ ಇಟ್ಟಾದ ಮೇಲೆ, ಗಂಟು ಕಟ್ಟುವಾಗ ಅಪ್ಪ ಅದನ್ನು ತೆಗೆದಿಟ್ಟುಕೊಂಡಿದ್ದಾರೆ. ಅವರಿಗೆ ಅಕ್ಷರ ಬರುವುದಿಲ್ಲ, ಆದರೆ ಆ ಕಾಗದವನ್ನು ನನ್ನ ಕೈಲಿ ಎಷ್ಟು ಸಲ ಓದಿಸಿದ್ದಾರೆ ಎಂದರೆ ಅದರ ಮಡಿಕೆಗಳೇ ಸೀಳಿವೆ. ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ.

ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದರು. ಹತ್ತಿರ ಹೋಗಿ ತೋರಿಸಿದೆ.

“ಅಪ್ಪಾ, ಇದು ಇರಜ್ ಬರೆಸಿದ್ದಲ್ಲ.”

“ಗೊತ್ತು.”

“ಅವನು ನಿಂಗೆ ಹೇಳದೆ ಹೋದವನೂ ಅಲ್ಲ.”

“ಅದೂ ಗೊತ್ತು. ಬಸ್ ಹತ್ತಿಸಿದವನು ನಾನೇ ಅಲ್ವಾ. ಇದು ಬಂದಾಗಲೇ, ಸೆರೇಲಿ ಕೂತು ಹುಡುಗನಿಗೆ ನೆನಪು ಕಲಸಿಹೋಗಿದೆ ಅಂದ್ಕೊಂಡಿದ್ದೆ.” ಕೊಡಲಿ ಕೆಳಗಿಟ್ಟು ಕಾಗದ ಇಸಿದುಕೊಂಡರು. “ಯಾವನೋ ಒಬ್ಬ ಮಗ ಅವರಪ್ಪನಿಗೆ ಬರೆದಿದಾನೆ. ಆ ಅಪ್ಪ ಇಲ್ಲ. ಇನ್ನೆಲ್ಲಿಗೆ ಹೋಗಬೇಕು ಇದು? ಇಲ್ಲೇ ಇರ್ಲಿ.”

ನಾನು ಅದನ್ನು ಸುಡುವುದಿಲ್ಲ.

ತೂಬಾ